ಕಂಪ್ಯೂಟರಿಗೆ ಹೊಲಿದ ಮಖಮಲ್ಲಿನ ಗವಸು

ತಪ್ಪು ಮಾಡುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ. ಆದರೆ ಮಾಡಿದ ತಪ್ಪನ್ನು ನಾಲ್ಕು ದಿನ ಮನೆಮಂದಿಗೆ ಕಾಣದಂತೆ ಇಟ್ಟುಕೊಳ್ಳಲು ಸ್ವಲ್ಪವಾದರೂ ವಿದ್ಯೆ ಬೇಕೆಂದು ನಾನು ತಿಳಿದಿದ್ದೆ. ಅದೂ ಬೇಕಾಗಿಲ್ಲವೆಂದು ಈಚೆಗೆ ಗೊತ್ತಾಯಿತು. ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಮೇಷ್ಟ್ರ ದಯೆಯಿಂದ. ನನ್ನ ಅಳಿಯ ಎರಡು ಡಿಗ್ರಿ ಮಾಡಿದವನು; ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಯಲ್ಲಿ ಅವನ ಕೈಕೆಳಗೆ ಮೂವತ್ತು ಜನ ಇಂಜಿನಿಯರುಗಳಿದ್ದಾರೆ. ಎರಡು ವಾರ ಅವನು ಹಗಲೆಲ್ಲ ತಲೆ ಕೆರೆದುಕೊಂಡರೂ ಕಂಡುಹಿಡಿಯಲಾಗದ ಒಂದು ಕಾಯಿಲೆಯನ್ನು ನಾನೊಬ್ಬನೇ ಉಂಟುಮಾಡಿ, ನಾನೊಬ್ಬನೇ ಕಂಡುಹಿಡಿದು, ನಾನೊಬ್ಬನೇ ವಾಸಿಮಾಡಿದೆ. ಇದರಲ್ಲಿ ಹೆಮ್ಮೆಪಡುವಂಥದ್ದು ಏನೂ ಇಲ್ಲವೆಂದು ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತು ನಿಜ. ಹಾಗಾಗಿ ಇದನ್ನು ಹೆಮ್ಮೆಯಿಂದಲ್ಲ, ತಲೆತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ನಾನು ಗದಗಿನ ದರ್ಜಿ. ನಲವತ್ತೊಂದು ವರ್ಷ ಹೊಲಿದೆ. ಈಗ ಹದಿನೈದು ವರ್ಷದಿಂದ ಅಮೆರಿಕದ ಮಾರ್ಗನ್ ಹಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಸ್ಯಾನ್ ಹೋಸೆಯ ಆಸ್ಪತ್ರೆಯೊಂದರಲ್ಲಿ ನರ್ಸು. ಹಗಲು ಇದ್ದರೆ ರಾತ್ರಿ ಇಲ್ಲ, ರಾತ್ರಿ ಇದ್ದರೆ ಹಗಲು ಇಲ್ಲ. ಅಳಿಯ ಜಾವೀದ್ ಬೆಂಗಳೂರಿನವನು. ಅವರಿಗೆ ಒಬ್ಬಳೇ ಮಗಳು, ಸನಾ. ಮನೆಯ ಮಾತು ಅರ್ಧ ದಖನಿ, ಅರ್ಧ ಕನ್ನಡ, ಇನ್ನರ್ಧ ಇಂಗ್ಲಿಷು. ಒಂದಕ್ಕೆ ಮೂರು ಅರ್ಧ ಹೇಗಾಯಿತು ಎಂದು ಕೇಳಬೇಡಿ. ನನ್ನ ಗಣಿತದ ವಿಷಯ ಆಗಲೇ ಹೇಳಿದ್ದೇನೆ. ಸನಾ ಹುಟ್ಟಿದ್ದು ಇಲ್ಲೇ. ತಾತನಾದ ನನ್ನನ್ನು ನಾನಾ ಎಂದೂ ಅಪ್ಪನನ್ನು ಅಬ್ಬಾ ಎಂದೂ ಕರೆಯುತ್ತಾಳೆ. ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ ಆಡುತ್ತಾಳೆ. ಕನ್ನಡ ಮುಗಿದಲ್ಲಿ ಇಂಗ್ಲಿಷು ಹಾಕಿ ತೇಪೆ ಹಚ್ಚುತ್ತಾಳೆ. ತೇಪೆಯನ್ನು ದರ್ಜಿಯೇ ಗೌರವಿಸದಿದ್ದರೆ ಇನ್ನು ಯಾರು ಗೌರವಿಸಬೇಕು?

ಈಗ ಗವಸಿನ ವಿಷಯಕ್ಕೆ ಬರುತ್ತೇನೆ. ಗದಗಿನಲ್ಲಿ ಬೆಳೆದವರಿಗೆ ಧೂಳೆಂದರೆ ಏನೆಂದು ಹೇಳಬೇಕಾಗಿಲ್ಲ. ಬೇಸಿಗೆಯ ಗಾಳಿ ಎದ್ದರೆ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಅದಕ್ಕೇ ನಮ್ಮಲ್ಲಿ ಬೆಲೆಬಾಳುವ ವಸ್ತು ಮನೆಗೆ ಬಂದರೆ ಮೊದಲು ಅದರ ಅಳತೆ ತೆಗೆಯುತ್ತಿದ್ದೆವು. ರೇಡಿಯೋಕ್ಕೆ ಗವಸು, ಟೀವಿಗೆ ಗವಸು, ಮಿಕ್ಸಿಗೆ, ಸ್ಕೂಟರಿಗೆ, ಗ್ಯಾಸ್ ಸಿಲಿಂಡರಿಗೂ ಕೆಳಗೆ ಝಾಲರು ಇಟ್ಟ ಲಂಗದಂಥ ಗವಸು. ಒಳ್ಳೆಯ ಗವಸಿಗೆ ಮಾಸದಿರಲೆಂದು ಮೇಲೊಂದು ಹಳೆಯ ಗವಸನ್ನು ಹೊದಿಸುತ್ತಿದ್ದ ಮನೆಗಳೂ ನನಗೆ ಗೊತ್ತು. ಇಲ್ಲಿಗೆ ಬಂದ ಮೊದಲ ದಿನ ನನಗೆ ಆಘಾತವಾದದ್ದು ಫ್ರೀವೇ ನೋಡಿ ಅಲ್ಲ, ದೊಡ್ಡ ಅಂಗಡಿ ನೋಡಿ ಅಲ್ಲ. ಮನೆಯೊಳಗೆ ಎಲ್ಲವೂ ಬತ್ತಲೆ! ಮೈಕ್ರೋವೇವು ಬತ್ತಲೆ, ಟೀವಿ ಬತ್ತಲೆ, ಸೋಫಾ ಬತ್ತಲೆ. ಒಂದು ವರ್ಷದೊಳಗೆ ಎಲ್ಲಕ್ಕೂ ಬಟ್ಟೆ ತೊಡಿಸಿದೆ. ನೆಲ ಗುಡಿಸಲು ತಾನೇ ಓಡಾಡುವ ದುಂಡನೆಯ ಯಂತ್ರವೊಂದನ್ನು ಜಾವೀದ್ ತಂದಾಗ ಅದಕ್ಕೂ ಹೊಲಿದೆ. ಅದು ನಾನು ಹೊಲಿದ ಟೊಪ್ಪಿಗೆಯಂಥ ಗವಸನ್ನು ಹಾಕಿಕೊಂಡೇ ಸೋಫಾದ ಕೆಳಗೆ ಹೊಕ್ಕು ಎರಡು ದಿನ ಹೊರಗೆ ಬರಲಿಲ್ಲ. ಆಗಲೇ ನಾನು ಪಾಠ ಕಲಿಯಬೇಕಿತ್ತು.

ಕಳೆದ ವರ್ಷ ಸನಾ ತಾನೇ ಬಿಡಿಭಾಗ ತರಿಸಿ ಒಂದು ಕಂಪ್ಯೂಟರು ಕಟ್ಟಿದಳು. ನನ್ನ ಮೊಣಕಾಲಿಗಿಂತ ಎತ್ತರದ ಕಪ್ಪು ಪೆಟ್ಟಿಗೆ. ನೆತ್ತಿಯ ಮೇಲೆ, ಎದೆಯ ಮೇಲೆ, ಬೆನ್ನಿಗೆ, ಎಲ್ಲ ಕಡೆ ಜರಡಿಯಂಥ ತೂತುಗಳು. ಇಷ್ಟು ಜಾಣ ಹುಡುಗಿ ಇಷ್ಟು ತೂತಿರುವ ಪೆಟ್ಟಿಗೆ ಯಾಕೆ ಆರಿಸಿದಳೋ ಎಂದು ಮರುಗಿದೆ. ಮಹಡಿಯ ಮೇಲಿನ ಅವಳ ಕೋಣೆಯಲ್ಲಿ ದೊಡ್ಡ ಮೇಜಿಗೆ ಜಾಗವಿಲ್ಲ. ಕೆಳಗೆ ನಾವು ಮುದುಕರಿಬ್ಬರು ಮಲಗುವ ಕೋಣೆಯಲ್ಲಿ ನನ್ನ ಬಟ್ಟೆ ಕತ್ತರಿಸುವ ಮೇಜಿದೆ. ಅದರ ಒಂದು ತುದಿಯಲ್ಲಿ ನನ್ನ ಹೊಲಿಗೆ ಯಂತ್ರ, ಇನ್ನೊಂದು ತುದಿಯಲ್ಲಿ ಅವಳ ಕಂಪ್ಯೂಟರು ಎಂದು ಒಪ್ಪಂದವಾಯಿತು. ಅವಳ ಹುಟ್ಟುಹಬ್ಬಕ್ಕೆ ನಾನು ಆ ಪೆಟ್ಟಿಗೆಯ ಅಳತೆ ತೆಗೆದೆ. ಮದುವಣಗಿತ್ತಿಯ ಕುಪ್ಪಸಕ್ಕೂ ನಾನು ಅಷ್ಟು ಅಳತೆ ತೆಗೆದವನಲ್ಲ. ಬಾಟಲಿ ಹಸಿರು ಮಖಮಲ್ಲು, ಒಳಗೆ ಹತ್ತಿ ತುಂಬಿದ ಅಸ್ತರು, ಅಂಚಿಗೆ ಜರಿ, ಹಿಂದೆ ವೈರು ಹೊರಬರಲು ಗುಂಡಿ ಹಾಕುವ ಸೀಳು. ಎಲ್ಲಿಯೂ ಒಂದು ನೆರಿಗೆ ಇಲ್ಲ. ಒಳಗಿನ ಉಸಿರು ಹೊರಗೆ, ಹೊರಗಿನದು ಒಳಗೆ ಹೋಗದಂಥ ಫಿಟ್ಟಿಂಗು.

ಸನಾ ಅದನ್ನು ನೋಡಿ ನನ್ನನ್ನು ಅಪ್ಪಿಕೊಂಡಳು. "ನಾನಾ, ಇಟ್ಸ್ ಸೋ ಬ್ಯೂಟಿಫುಲ್! ಆದರೆ ಕಂಪ್ಯೂಟರ್ ಆಫ್ ಇರೋವಾಗ ಮಾತ್ರ ಹಾಕೋಣ, ಓಕೆ?" ಎಂದಳು.

"ಆತವ್ವ, ಆಫ್ ಇದ್ದಾಗ," ಎಂದು ನಾನು ಮಾತು ಕೊಟ್ಟೆ. ಕೊಟ್ಟ ಮಾತನ್ನು ಉಳಿಸಿಕೊಂಡೆ ಎಂದೇ ನಂಬಿದ್ದೆ. ಟೀವಿಯ ಪರದೆ ಕಪ್ಪಾದರೆ ಟೀವಿ ಆಫಾದಂತೆ. ಕಂಪ್ಯೂಟರಿನ ಪರದೆ ಕಪ್ಪಾದರೆ ಕಂಪ್ಯೂಟರು ಆಫಾಗಿರಲೇಬೇಕಲ್ಲ? ಪರದೆ ಒಂದು ಪ್ರಾಣಿ, ಪೆಟ್ಟಿಗೆ ಇನ್ನೊಂದು ಪ್ರಾಣಿ, ಒಂದು ಮಲಗಿದ್ದರೂ ಇನ್ನೊಂದು ದುಡಿಯುತ್ತಿರಬಹುದು ಎಂದು ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಹೇಳಿಕೊಟ್ಟಿರಲಿಲ್ಲ. ಅದು ಗುಂಯ್‌ಗುಡುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ನಲವತ್ತೊಂದು ವರ್ಷ ನಾಲ್ಕು ಹೊಲಿಗೆ ಯಂತ್ರಗಳ ನಡುವೆ ಕೂತ ಕಿವಿಗೆ ಅಂಥ ಸದ್ದೆಲ್ಲ ಮೌನದ ಲೆಕ್ಕ.

ಸನಾ ಕಾಲೇಜಿನಲ್ಲಿ ಚಲಿಸುವ ಚಿತ್ರಗಳ ವಿದ್ಯೆ ಕಲಿಯುತ್ತಾಳೆ. ಎಮರಿವಿಲ್‌ನಲ್ಲಿ ಅಂಥ ಚಿತ್ರ ತಯಾರಿಸುವ ಒಂದು ಸ್ಟುಡಿಯೋ ಇದೆ. ಅಲ್ಲಿ ಸೇರಿ ಕೆಲಸ ಕಲಿಯಬೇಕೆಂಬುದು ಅವಳು ಹಲ್ಲು ಬಿದ್ದು ಹುಟ್ಟುತ್ತಿದ್ದ ವಯಸ್ಸಿನಿಂದ ಕಂಡ ಕನಸು. ಅದಕ್ಕೆ ಸ್ವಂತವಾಗಿ ಮಾಡಿದ ನಾಲ್ಕು ನಿಮಿಷದ ಚಿತ್ರವೊಂದನ್ನು ಕಳಿಸಬೇಕಿತ್ತು. ಅವಳ ಕಥೆ ಚಿಕ್ಕದು: ಕೋಟಿನಿಂದ ಕಿತ್ತುಬಿದ್ದ ಒಂದು ಗುಂಡಿ ಮನೆ ಬಿಟ್ಟು, ಬೀದಿ ದಾಟಿ, ಫ್ರೀವೇ ಪಕ್ಕದಲ್ಲಿ ಉರುಳುತ್ತ ಉರುಳುತ್ತ ಸಮುದ್ರ ಸೇರುತ್ತದೆ. ಅಲ್ಲಿ ಒಂದು ಪುಟ್ಟ ಏಡಿ ಆ ಗುಂಡಿಯನ್ನು ಬೆನ್ನಿನ ಮೇಲೆ ಏರಿಸಿಕೊಂಡು ಗತ್ತಿನಿಂದ ಹೊರಟುಹೋಗುತ್ತದೆ. ನಾಲ್ಕು ತೂತಿನ ಗುಂಡಿಯನ್ನು ಹೇಗೆ ಹೊಲಿಯುತ್ತಾರೆ, ದಾರ ಸಡಿಲವಾದರೆ ಅದು ಯಾವ ಕಡೆ ವಾಲುತ್ತದೆ ಎಂದೆಲ್ಲ ನನ್ನನ್ನು ಕೇಳಿ ಕೇಳಿ ಬಿಡಿಸಿದಳು. ಬಿಡಿಸಿದ್ದನ್ನೆಲ್ಲ ಕಂಪ್ಯೂಟರು ಒಂದೊಂದೇ ಚಿತ್ರವಾಗಿ ಬೇಯಿಸಿ ಕೊಡಬೇಕಂತೆ. ಅದಕ್ಕೆ ರೆಂಡರು ಎನ್ನುತ್ತಾರೆ. ಒಂದೊಂದು ತುಣುಕಿಗೂ ಗಂಟೆಗಟ್ಟಲೆ ಬೇಕು. ಬೆಳಿಗ್ಗೆ ಕಾಲೇಜಿಗೆ ಹೊರಡುವಾಗ ಅದನ್ನು ಬೇಯಲು ಇಟ್ಟು, ಪರದೆ ಆರಿಸಿ, "ನಾನಾ, ಕೀಬೋರ್ಡು ಮುಟ್ಟಬೇಡಿ, ಪ್ಲೀಸ್," ಎಂದು ಹೇಳಿ ಹೋಗುತ್ತಿದ್ದಳು. ನಾನು ಕೀಬೋರ್ಡನ್ನು ಮುಟ್ಟಲಿಲ್ಲ. ಅವಳ ಕಾರು ತಿರುವು ದಾಟಿದ ಮೇಲೆ, ಪಾಪ, ಚಳಿಯಲ್ಲಿ ನಿಂತಂತೆ ಕಾಣುತ್ತಿದ್ದ ಪೆಟ್ಟಿಗೆಗೆ ಮಖಮಲ್ಲಿನ ಗವಸು ತೊಡಿಸಿ, ಹಿಂದಿನ ಗುಂಡಿಗಳನ್ನು ಹಾಕುತ್ತಿದ್ದೆ, ಅಷ್ಟೇ.

ಸಂಜೆ ಅವಳು ಬಂದಾಗ ಅದು ಅವಳ ಕಣ್ಣಿಗೆ ಬೀಳಲಿಲ್ಲವೇ? ಬೀಳಲಿಲ್ಲ, ಏಕೆಂದರೆ ನನಗೊಂದು ಶಿಸ್ತಿದೆ. ನಾನು ಕೆಲಸ ಕಲಿತ ಅಂಗಡಿಯ ಉಸ್ತಾದರು ಒಂದು ನಿಯಮ ಇಟ್ಟಿದ್ದರು. ಮಾಲೀಕ ಬಾಗಿಲಲ್ಲಿ ಕಾಲಿಡುವ ಮೊದಲು ಯಂತ್ರದ ಗವಸು ತೆಗೆದು, ಮಡಚಿ, ಹಲಗೆಯ ಮೇಲೆ ಇಟ್ಟಿರಬೇಕು. ಗವಸು ಹೊದ್ದ ಯಂತ್ರವನ್ನು ಮಾಲೀಕ ನೋಡಿದರೆ ಆ ದಿನದ ಕೆಲಸ ಕೆಟ್ಟಿತೆಂದು ಅವರ ನಂಬಿಕೆ. ನಂಬಿಕೆಗಿಂತ ಹೆಚ್ಚಾಗಿ ಅವರ ಬೈಗುಳದ ಭಯ ನನ್ನ ಮೈಯಲ್ಲಿ ಉಳಿದಿದೆ. ಸನಾ ಬರುವುದು ನಾಲ್ಕೂವರೆಗೆ. ನಾಲ್ಕು ಗಂಟೆಗೆ ನಾನು ಗವಸು ತೆಗೆದು, ಮಡಚಿ, ಬೀರುವಿನಲ್ಲಿ ಇಟ್ಟು, ಪೆಟ್ಟಿಗೆಯ ನೆತ್ತಿಯನ್ನು ಊದಿ ಒರೆಸಿ ಕೂತಿರುತ್ತಿದ್ದೆ. ಮೊಮ್ಮಗಳು ಮಾಲೀಕಳಲ್ಲದೆ ಮತ್ತೇನು?

ಹೀಗೆ ಕಂಪ್ಯೂಟರಿಗೆ ರೋಗ ಹಿಡಿಯಿತು. ಬೆಳಿಗ್ಗೆ ಸರಿಯಾಗಿ ಇಟ್ಟುಹೋದ ಕೆಲಸ ಸಂಜೆ ನೋಡಿದರೆ ಮಧ್ಯದಲ್ಲೇ ನಿಂತಿರುತ್ತಿತ್ತು. ಪೆಟ್ಟಿಗೆ ತಾನಾಗಿಯೇ ಸತ್ತು, ತಾನಾಗಿಯೇ ಹುಟ್ಟಿ, ಏನೂ ಗೊತ್ತಿಲ್ಲದವರಂತೆ ಪಾಸ್‌ವರ್ಡ್ ಕೇಳುತ್ತ ಕೂತಿರುತ್ತಿತ್ತು. ಒಂದು ದಿನವಲ್ಲ, ದಿನದಿನವೂ. ಸನಾ ಮುಂದೆ ಕೂತರೆ ಮಾತ್ರ ಕಂಪ್ಯೂಟರಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ. ರಾತ್ರಿ ಓಡಿಸೋಣವೆಂದರೆ ಅದರ ಫ್ಯಾನಿನ ಸದ್ದಿಗೆ ನಮ್ಮಿಬ್ಬರ ನಿದ್ದೆ ಕೆಡುತ್ತದೆಂದು ಅವಳು ಮಲಗುವ ಮೊದಲು ತಪ್ಪದೆ ಆರಿಸಿಬಿಡುತ್ತಿದ್ದಳು. ನಾನು ಅವಳ ಯಂತ್ರದ ಉಸಿರು ಕಟ್ಟುತ್ತಿದ್ದೆ. ಅವಳು ನನ್ನ ನಿದ್ದೆ ಕಾಯುತ್ತಿದ್ದಳು. ಬರೆಯುವಾಗ ಇದೊಂದು ಸಾಲು ಕೈಗೆ ಭಾರವಾಗುತ್ತದೆ.

ಜಾವೀದ್ ರಂಗಕ್ಕೆ ಇಳಿದ. "ಮಾವ, ಇದೆಲ್ಲ ಎಲಿಮಿನೇಷನ್ ಮೆಥಡ್ಡು. ಒಂದೊಂದೇ ಪಾರ್ಟ್ ಡೌಟ್ ಮಾಡ್ತಾ ಹೋಗೋದು," ಎಂದ. ಮೊದಲು ಗೋಡೆಯ ಪ್ಲಗ್ಗನ್ನು ಸಂಶಯಿಸಿ ಬೇರೆ ಪ್ಲಗ್ಗಿಗೆ ಹಾಕಿದ. ಆಮೇಲೆ ಒಳಗಿನ ಮೆಮೊರಿ ಪಟ್ಟಿಗಳನ್ನು ಕಿತ್ತು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದ. ಮೂವತ್ತು ಜನರ ಸಾಹೇಬ ರಬ್ಬರು ಹಿಡಿದು ಉಜ್ಜುವುದನ್ನು ನೋಡಿ ನನಗೆ ಸಂತೋಷವಾಯಿತು. ಶನಿವಾರ ಎರಡು ಗಂಟೆ ಪೆಟ್ಟಿಗೆಯ ಮುಂದೆ ಕೂತು ಅದರ ಉಷ್ಣತೆಯನ್ನು ಪರದೆಯ ಮೇಲೆ ನೋಡುತ್ತಲೇ ಇದ್ದ. "ಟೆಂಪರೇಚರ್ ಪರ್ಫೆಕ್ಟು. ಜ್ವರ ಅಂತೂ ಇಲ್ಲ ಮಾವ. ಹೀಟಿಂಗ್ ಪ್ರಾಬ್ಲಮ್ ಅಲ್ಲ, ಅದನ್ನ ಕ್ಯಾನ್ಸಲ್ ಮಾಡಬಹುದು," ಎಂದು ಘೋಷಿಸಿದ. ನಾನು ತಲೆದೂಗಿದೆ. ನನ್ನದೂ ಒಂದು ಸಲಹೆ ಇತ್ತು: ಗಾಳಿ ದಕ್ಷಿಣದಿಂದ ಬೀಸಿದ ದಿನ ಗಿಲ್‌ರಾಯ್ ಕಡೆಯ ಬೆಳ್ಳುಳ್ಳಿ ಹೊಲಗಳ ಘಾಟು ನಮ್ಮ ಮನೆವರೆಗೂ ಬರುತ್ತದೆ, ಅದು ಆ ತೂತುಗಳಲ್ಲಿ ಹೊಕ್ಕಿರಬಹುದು, ಇನ್ನೂ ಸ್ವಲ್ಪ ಭದ್ರವಾಗಿ ಮುಚ್ಚುವುದು ಒಳ್ಳೆಯದು. ಜಾವೀದ್ ನನ್ನನ್ನು ಬಹಳ ಹೊತ್ತು ನೋಡಿ, "ನೋಡೋಣ ಮಾವ," ಎಂದ. ಇಂಜಿನಿಯರುಗಳು ಹಾಗೆನ್ನುವುದು ನೋಡಬಾರದೆಂದು ತೀರ್ಮಾನಿಸಿದಾಗ.

ನನ್ನ ಹೆಂಡತಿ ಮೆಹರುನ್ನಿಸಾಳ ಪ್ರಕಾರ ಅದು ದೃಷ್ಟಿ. ಸನಾಳ ಗೆಳತಿಯೊಬ್ಬಳು ಬಂದು ಪೆಟ್ಟಿಗೆಯನ್ನು ಹೊಗಳಿ ಹೋದ ವಾರದಿಂದಲೇ ಇದು ಶುರುವಾಯಿತೆಂದು ಅವಳು ದಿನ ಹಿಡಿದು ಹೇಳಿದಳು. ಏಳು ಒಣಮೆಣಸಿನಕಾಯಿ ತೆಗೆದುಕೊಂಡು ಕಂಪ್ಯೂಟರಿಗೆ ಮೂರು ಸುತ್ತು ನಿವಾಳಿಸಿ ಒಲೆಯ ಮೇಲೆ ಸುಟ್ಟಳು. ಮನೆಯ ನಾಲ್ಕೂ ಸ್ಮೋಕ್ ಅಲಾರಮ್ಮುಗಳು ಒಟ್ಟಿಗೆ ಕಿರಿಚಿಕೊಂಡವು. ಮಹಡಿಯ ಮೇಲೆ ಮೀಟಿಂಗಿನಲ್ಲಿದ್ದ ಜಾವೀದ್ ಕೆಮ್ಮುತ್ತ ಓಡಿಬಂದು ಟವೆಲು ಬೀಸತೊಡಗಿದ. "ನೋಡ್ರಿ, ಎಷ್ಟ್ ಘಾಟು ಬಂತು! ದೃಷ್ಟಿ ಭಾಳ ಆಗಿತ್ತು," ಎಂದು ಮೆಹರು ಕಣ್ಣೀರು ಒರೆಸಿಕೊಳ್ಳುತ್ತ ಸಮಾಧಾನಪಟ್ಟಳು.

ಒಂದು ಸಂಜೆ ಸನಾ ನನ್ನ ಪಕ್ಕ ಕೂತು ನೇರವಾಗಿಯೇ ಕೇಳಿದಳು. "ನಾನಾ, ನಾನಿಲ್ಲದಾಗ ಇಲ್ಲಿ ಏನಾದ್ರೂ ಆಗತ್ತಾ? ಎನಿಥಿಂಗ್?"

"ಏನೂ ಇಲ್ಲವ್ವ. ನಾ ಇಲ್ಲೇ ಕುಂತಿರ್ತೀನಿ. ಅದರ ಮ್ಯಾಲೆ ಒಂದು ನೊಣಾ ಸೈತ ಕೂಡಂಗಿಲ್ಲ," ಎಂದೆ. ಅದು ಅಕ್ಷರಶಃ ಸತ್ಯವಾಗಿತ್ತು.

ಗುಟ್ಟು ಬಯಲಾದದ್ದು ಒಂದು ಮಂಗಳವಾರ. ಚಿತ್ರ ಕಳಿಸಬೇಕಾದ ಮುಂದಿನ ಸೋಮವಾರಕ್ಕೆ ಆರೇ ದಿನ ಉಳಿದಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ನನಗೊಂದು ಸೂಜಿ ಬೇಕಾಯಿತು. ಸೂಜಿಗಳನ್ನು ಆ ಗವಸಿನ ನೆತ್ತಿಗೇ ಚುಚ್ಚಿಡುವುದು ನನ್ನ ರೂಢಿ. ಹತ್ತಿ ತುಂಬಿದ ಜಾಗ ಅದಕ್ಕೆ ಬಹಳ ಅನುಕೂಲ. ಸೂಜಿ ಕಿತ್ತರೆ ಬೆರಳು ಚುರ್ ಎಂದಿತು. ಗಾಬರಿಯಿಂದ ಗವಸನ್ನು ಮೇಲೆತ್ತಿದೆ. ದಮ್ ಕೊಟ್ಟು ಹಿಟ್ಟಿನಿಂದ ಬಾಯಿ ಕಟ್ಟಿದ ಬಿರಿಯಾನಿ ಹಂಡೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅಂಥ ಬಿಸಿ. ವಾಸನೆಯೊಂದು ಬಿರಿಯಾನಿಯದಲ್ಲ, ಅಷ್ಟೇ. ನಾನು ನೋಡುತ್ತಿದ್ದಂತೆ ಪೆಟ್ಟಿಗೆ ಟಿಕ್ ಎಂದು ಒಮ್ಮೆ ಸತ್ತು, ಒಂದು ಕ್ಷಣ ಬಿಟ್ಟು ನಿಟ್ಟುಸಿರಿನಂಥ ಸದ್ದು ಮಾಡಿ ಮತ್ತೆ ಹುಟ್ಟಿತು. ನಾನು ಗವಸು ಹಿಡಿದು ಹಾಗೇ ನಿಂತೆ. ಎರಡು ವಾರದಿಂದ ನನ್ನ ಮೊಮ್ಮಗಳ ಚಿತ್ರಕ್ಕೆ ದಿನವೂ ದಮ್ ಕಟ್ಟುತ್ತಿದ್ದವನು ನಾನು.

ಆವತ್ತು ಸಂಜೆಯೇ ಹೇಳಿಬಿಟ್ಟಿದ್ದರೆ ಇದು ಮುದುಕನೊಬ್ಬನ ಪೆದ್ದುತನದ ಕಥೆಯಾಗಿ ಎಲ್ಲರೂ ನಕ್ಕು ಮುಗಿಯುತ್ತಿತ್ತು. ಹೇಳಬೇಕೆಂದೇ ಊಟದ ಮೇಜಿಗೆ ಬಂದೆ. ಆದರೆ ಅಷ್ಟರಲ್ಲಿ ಜಾವೀದ್ ತರಿಸಿದ್ದ ಹೊಸ ಪವರ್ ಸಪ್ಲೈ ಬಾಗಿಲಿಗೆ ಬಂದಿತ್ತು. ಪೆಟ್ಟಿಗೆಗೆ ಕರೆಂಟು ಹಂಚುವ ಭಾಗ ಅದು. ಅವನು ಊಟ ಬಿಟ್ಟು ಸ್ಕ್ರೂ ಡ್ರೈವರು ಹಿಡಿದು ಅದನ್ನು ಕೂರಿಸಿದ. ಬುಧವಾರ ನಾನು ಗವಸು ಹಾಕಲಿಲ್ಲ. ಕಂಪ್ಯೂಟರು ಇಡೀ ದಿನ ಒಮ್ಮೆಯೂ ಸಾಯಲಿಲ್ಲ. ಜಾವೀದನ ಸಂತೋಷ ನೀವು ನೋಡಬೇಕಿತ್ತು. "ಹೇಳಿದ್ನಾ? ಹೇಳಿದ್ನಾ ಇಲ್ವಾ? ಪವರ್ರು!" ಎಂದು ಮನೆಯಿಡೀ ಓಡಾಡಿದ. ಆಫೀಸಿನಲ್ಲಿ ಮೂವತ್ತು ಜನರಿಗೂ ಹೇಳಿದನಂತೆ. ಮಗಳು ಫೋನಿನಲ್ಲಿ ಅವನಿಗೆ ಶಾಭಾಷ್ ಎಂದಳು. ಮದುವೆಯಾದಾಗಿನಿಂದ ಈ ಮನೆಯಲ್ಲಿ ಅವನಿಗೆ ಸಿಕ್ಕ ಶಾಭಾಷ್‌ಗಳು ಕಡಿಮೆ. ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಎಂಥ ಉದಾರ ಮನಸ್ಸಿನ ಮಾವ! ನಿಜ ಏನೆಂದರೆ ನನಗೆ ನಾಚಿಕೆಯಾಗಿತ್ತು. ಅಮೆರಿಕದಲ್ಲಿ ಕಾರು ಓಡಿಸಲು ಬಾರದ, ಫೋನು ಎತ್ತಲು ಅಂಜುವ ಮುದುಕನಿಗೆ ಈ ಮನೆಯಲ್ಲಿ ಇರುವುದೊಂದೇ ಹೆಸರು: ನಾನಾ ಹೊಲಿದದ್ದು ಚೆನ್ನಾಗಿರುತ್ತದೆ. ಅದೂ ಹೋದರೆ ಉಳಿಯುವುದೇನು?

ಮೆಹರುನ್ನಿಸಾಳಿಗೆ ಮಾತ್ರ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ.

"ಅಂದ್ರ ನನ್ನ ಏಳು ಮೆಣಸಿನಕಾಯಿ ಸುಮ್ನ ಹೋದ್ವು," ಎಂದಳು.

"ಈಗೇನ್ ಮಾಡ್ಲಿ ಹೇಳು."

"ಏನ್ ಮಾಡೋದೈತಿ? ಬಾಯಿ ತಗದು ಹೇಳ್ರಿ. ಬೇಕಿದ್ರ ಬಾಯಿಗೆ ಹಾಕಿದ ಗವಸು ನಾ ತಗದು ಮಡಚಿ ಇಡ್ತೀನಿ."

"ಇನ್ನೇನು ಸರಿ ಆಗೇತಲ್ಲ. ಹೇಳಿ ಏನ್ ಉಪಯೋಗ?"

"ಉಪಯೋಗ ಇಲ್ಲಂದ್ರ ನನಗ್ಯಾಕ ಹೇಳಾಕತ್ತೀರಿ?" ಎಂದು ಅವಳು ಒಂದು ಕಲ್ಲು ಹೆಕ್ಕಿ ಹೊರಗೆ ಹಾಕಿದಳು. ಐವತ್ತು ವರ್ಷದಿಂದ ನನ್ನ ಮಾತಿನಲ್ಲಿ ಕಲ್ಲು ಆರಿಸುತ್ತ ಬಂದವಳು. "ನಾನಂತೂ ಹೇಳಂಗಿಲ್ಲ. ನಿಮ್ಮ ಕವರು, ನಿಮ್ಮ ಬಾಯಿ."

ಗುರುವಾರ ಕಳೆಯಿತು, ಶುಕ್ರವಾರ ಕಳೆಯಿತು. ಜುಮ್ಮಾ ನಮಾಜಿಗೆ ಹೋಗಿ ಬಂದೆ. ಅಲ್ಲಿಯೂ ಕಣ್ಣಿಗೆ ಬಾಟಲಿ ಹಸಿರೇ ಕಂಡಿತು. ಕಂಪ್ಯೂಟರು ಗಟ್ಟಿಯಾಗಿಯೇ ಇತ್ತು. ಸೋಮವಾರದೊಳಗೆ ಚಿತ್ರ ಮುಗಿಯುತ್ತದೆ, ನನ್ನ ಪಾಪ ತಾನಾಗಿ ಕರಗುತ್ತದೆ ಎಂದುಕೊಂಡಿದ್ದೆ. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಸನಾ ನಮ್ಮನ್ನೆಲ್ಲ ಕರೆದು ಹಾಲಿನ ಟೀವಿಯಲ್ಲಿ ಚಿತ್ರ ತೋರಿಸಿದಳು. ಗುಂಡಿ ಕೋಟಿನಿಂದ ಬಿತ್ತು, ಮೆಟ್ಟಿಲಿಳಿಯಿತು, ಫ್ರೀವೇ ಪಕ್ಕದಲ್ಲಿ ಉರುಳಿತು. ಎಷ್ಟು ಚೆನ್ನಾಗಿ ವಾಲುತ್ತಿತ್ತು! ನಾನು ಹೇಳಿಕೊಟ್ಟ ಹಾಗೆಯೇ. ಆಮೇಲೆ ಅದು ರಸ್ತೆಯಂಚಿನ ಗಟಾರದ ಬಾಯಿಗೆ ಬಂದು, ಎರಡು ಸುತ್ತು ತಿರುಗಿ ಬಿದ್ದುಹೋಯಿತು. ಪರದೆ ಕಪ್ಪಾಯಿತು.

"ಸಮುದ್ರ ಎಲ್ಲವ್ವ?" ಎಂದೆ.

"ಕಟ್ ಮಾಡಿದೆ ನಾನಾ."

"ಏಡಿ?"

"ಏಡಿನೂ."

ಜಾವೀದ್ ಎದ್ದು ಕೂತ. "ಯಾಕಮ್ಮಾ? ಈಗ ಸಿಸ್ಟಮ್ ಸರಿಯಾಗಿದೆಯಲ್ಲ? ಇನ್ನೂ ಎರಡು ದಿನ ಇದೆ."

"ಅಬ್ಬಾ, ನೀರು ರೆಂಡರ್ ಮಾಡೋದು ಈಸ್ ದ ಹಾರ್ಡೆಸ್ಟ್ ಪಾರ್ಟ್. ಎರಡು ದಿನ ಪೂರ್ತಿ, ನಾನ್‌ಸ್ಟಾಪ್ ಓಡಬೇಕು. ಮಧ್ಯೆ ಕ್ರ್ಯಾಶ್ ಆದರೆ ಇರೋ ಫಿಲ್ಮ್ ಕೂಡ ಟೈಮಿಗೆ ಕಳಿಸಕ್ಕಾಗಲ್ಲ. ನೀವು ಬಿಚ್ಚಿದ ಹಳೇ ಪವರ್ ಸಪ್ಲೈ ನಾನು ಫ್ರೆಂಡ್ ಹತ್ರ ಟೆಸ್ಟ್ ಮಾಡಿಸಿದೆ. ಇಟ್ ವಾಸ್ ಫೈನ್. ಹಾಗಿದ್ರೆ ಅದು ಯಾಕೆ ಕೆಟ್ಟಿತ್ತು, ಯಾಕೆ ಸರಿಹೋಯ್ತು, ನಮಗೆ ಗೊತ್ತಿಲ್ಲ. ಗೊತ್ತಿಲ್ಲದೆ ಹೇಗೆ ನಂಬಲಿ?"

ಹೇಳಿ ಏನು ಉಪಯೋಗ ಎಂದು ಕೇಳಿದ್ದೆನಲ್ಲ, ಇದೇ ಉಪಯೋಗ. ಕೆಟ್ಟದ್ದು ಯಾಕೆಂದು ತಿಳಿಯದಿದ್ದರೆ ಸರಿಹೋದದ್ದನ್ನೂ ನಂಬಲಾಗದು. ನನ್ನ ಮೌನದಿಂದ ಆ ಗುಂಡಿ ಅಷ್ಟು ದೂರ ಉರುಳಿ ಬಂದು ಗಟಾರ ಸೇರಿತ್ತು. ಮೆಹರುನ್ನಿಸಾ ನನ್ನ ಕಡೆ ನೋಡಲೂ ಇಲ್ಲ; ಲೋಟದ ನೀರು ಕುಡಿದು ಲೋಟವನ್ನು ಸ್ವಲ್ಪ ಜೋರಾಗಿ ಮೇಜಿನ ಮೇಲಿಟ್ಟಳು. ನಾನು ಎದ್ದು ಒಳಗೆ ಹೋಗಿ ಬೀರುವಿನಿಂದ ಗವಸು ತಂದು ಎಲ್ಲರ ಮುಂದೆ ಮೇಜಿನ ಮೇಲೆ ಹಾಸಿದೆ.

"ಇದವ್ವ ಕಾರಣ," ಎಂದೆ. "ನೀ ಕಾಲೇಜಿಗೆ ಹೋದ ಮ್ಯಾಲೆ ದಿನಾ ಹಾಕ್ತಿದ್ದೆ. ನೀ ಬರೋ ಮೊದ್ಲ ತಗೀತಿದ್ದೆ. ಪರದೆ ಕಪ್ಪಿತ್ತು, ಆಫ್ ಐತಿ ಅನ್ಕೊಂಡಿದ್ದೆ. ಮಂಗಳವಾರದಿಂದ ಹಾಕಿಲ್ಲ. ಅದಕ್ಕ ಸರಿ ಆಗೇತಿ."

ಜಾವೀದನ ಬಾಯಿ ತೆರೆದೇ ಇತ್ತು. ಸನಾ ಗವಸಿನ ಅಸ್ತರನ್ನು ಮಗುಚಿ ನೋಡಿದಳು. ನೆತ್ತಿಯ ಭಾಗದ ಹತ್ತಿಬಟ್ಟೆ ಇಸ್ತ್ರಿ ಮರೆತುಬಿಟ್ಟಂತೆ ಕಂದುಬಣ್ಣಕ್ಕೆ ತಿರುಗಿತ್ತು. ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ.

"ಮಂಗಳವಾರ ನಿಮಗೆ ಗೊತ್ತಾಯ್ತಾ?"

"ಹೂಂ."

"ಇವತ್ತು ಶನಿವಾರ."

"ಹೂಂ."

"ಕವರ್ ಓಕೆ, ನಾನಾ. ನಿಮಗೆ ಗೊತ್ತಿರಲಿಲ್ಲ, ದಟ್ಸ್ ಓಕೆ. ಆದರೆ ನಾಲ್ಕು ದಿನ?" ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. ನಮ್ಮ ಉಸ್ತಾದರು ಕೈಗೆ ಸಿಕ್ಕ ಗಜಕಡ್ಡಿ ಬೀಸುತ್ತಿದ್ದರು. ಅದು ಎಷ್ಟೋ ಮೇಲು. "ನಾನು ಏಡಿನ ಡಿಲೀಟ್ ಮಾಡುವಾಗ ನೀವು ಅದೇ ರೂಮಲ್ಲಿ ಕೂತಿದ್ರಿ. ದಾರ ಪೋಣಿಸ್ತಾ ಇದ್ರಿ."

"ತಪ್ಪಾತವ್ವ. ನನಗ ನಾಚಿಕಿ ಆತು, ಅದಕ್ಕ ಹೇಳಲಿಲ್ಲ," ಎಂದೆ. ಅದೊಂದೇ ವಾಕ್ಯ ಹೇಳಲು ನಾಲ್ಕು ದಿನ ಬೇಕಾಯಿತು ನನಗೆ.

ಅವಳು ಎದ್ದು ಸೀದಾ ನಮ್ಮ ಕೋಣೆಗೆ ನಡೆದಳು. ಹಿಂದೆಯೇ ಹೋದೆ. ಕುರ್ಚಿಯಲ್ಲಿ ಕೂತು ಏನೇನೋ ಒತ್ತಿದಳು. ಪೆಟ್ಟಿಗೆ ಗುಂಯ್ ಎಂದಿತು. ಈ ಸಲ ನನಗೂ ಕೇಳಿಸಿತು. ಡಿಲೀಟ್ ಮಾಡಿದ್ದ ಏಡಿಗೆ ಅವಳು ಇನ್ನೊಂದು ಕಡೆ ಪ್ರತಿ ಇಟ್ಟಿದ್ದಳಂತೆ. ನನ್ನ ಮೊಮ್ಮಗಳು, ಕತ್ತರಿಸಿದ ಬಟ್ಟೆಯ ತುಂಡು ಎಸೆಯುವ ಜಾತಿಯಲ್ಲ. ಲೆಕ್ಕ ಹಾಕಿ, ತಿರುಗಿ ನೋಡದೆ ಹೇಳಿದಳು: "ಇವತ್ತು, ನಾಳೆ, ರಾತ್ರಿ ಕೂಡ ಓಡತ್ತೆ. ನಿಮಗೆ ನಿದ್ದೆ ಬರಲ್ಲ."

"ಮಂಗಳವಾರದಿಂದ ಬಂದಿಲ್ಲವ್ವ," ಎಂದೆ.

ಆಗ ಅವಳ ಭುಜ ಸ್ವಲ್ಪ ಅಲ್ಲಾಡಿತು. ನಕ್ಕಳೋ ಏನೋ, ಮುಖ ನನಗೆ ಕಾಣಲಿಲ್ಲ.

ಸೋಮವಾರ ಗಡುವಿಗೆ ಇನ್ನು ಅರ್ಧ ಗಂಟೆಯಿದೆ ಎನ್ನುವಾಗ ಕೊನೆಯ ಅಲೆ ಬೆಂದು ಸಿದ್ಧವಾಯಿತು. ಗುಂಡಿ ಸಮುದ್ರ ಸೇರಿತು. ಏಡಿ ಅದನ್ನು ಬೆನ್ನಿಗೇರಿಸಿಕೊಂಡು ಓರೆಯಾಗಿ ನಡೆದುಹೋಯಿತು. "ಥೇಟ್ ನಿಮ್ಮಂಗ ನಡೀತೈತಿ ನೋಡ್ರಿ. ಮೈ ಮ್ಯಾಲೆ ಏನರ ಹೊದ್ದುಕೊಂಡ್ರ ಸಮಾಧಾನ ಅದಕ್ಕ," ಎಂದು ಮೆಹರು ಹೇಳಿದಾಗ ಸನಾ ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿದೆ. ಜಾವೀದ್ ಮಾತ್ರ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. "ಏನೇ ಹೇಳಿ ಮಾವ, ಹಳೇ ಪವರ್ ಸಪ್ಲೈ ಸ್ವಲ್ಪ ವೀಕ್ ಇತ್ತು," ಎಂದು ಈಗಲೂ ಹೇಳುತ್ತಿರುತ್ತಾನೆ. "ಭಾಳ ವೀಕ್ ಇತ್ತು," ಎಂದು ನಾನು ಒಪ್ಪಿಕೊಳ್ಳುತ್ತೇನೆ. ಆಫೀಸಿನ ಮೂವತ್ತು ಜನಕ್ಕೆ ಅವನು ನಿಜ ಹೇಳಿದ್ದಾನೋ ಇಲ್ಲವೋ ನಾನು ಕೇಳಿಲ್ಲ. ಆ ವಿಷಯದಲ್ಲಿ ಯಾರನ್ನೂ ಅವಸರಪಡಿಸುವ ಹಕ್ಕು ನನಗಿಲ್ಲ.

ಈಗ ಮನೆಗೆ ಯಾರು ಬಂದರೂ ನನ್ನನ್ನು ಕೇಳುವುದೊಂದೇ ಪ್ರಶ್ನೆ: "ನಾನಾ, ಇವತ್ತು ಏನು ಮುಚ್ಚಿದ್ರಿ?" ಮಗಳು ಆಸ್ಪತ್ರೆಯಿಂದ ಬಂದು ಶೂ ಬಿಚ್ಚುತ್ತ ಕೇಳುತ್ತಾಳೆ. ಇದು ನನಗೆ ಸಿಕ್ಕ ಶಿಕ್ಷೆ, ಜೀವಾವಧಿ ಎಂದು ಕಾಣುತ್ತದೆ. ಪ್ರತಿದಿನವೂ "ಏನಿಲ್ಲ" ಎನ್ನುತ್ತೇನೆ. ಸುಳ್ಳಲ್ಲ. ಮೈಕ್ರೋವೇವಿನದನ್ನೂ ನಾನೇ ತೆಗೆದುಬಿಟ್ಟೆ.

ಇವತ್ತು ಸನಾ ಎಮರಿವಿಲ್‌ಗೆ ಹೋಗಿದ್ದಾಳೆ. ಚಿತ್ರ ನೋಡಿದವರು ಮುಖಾಮುಖಿ ಮಾತಾಡಲು ಕರೆದಿದ್ದಾರೆ. ಬೆಳಿಗ್ಗೆ ಕತ್ತಲೆ ಇರುವಾಗಲೇ ಫ್ರೀವೇ ಹಿಡಿದಳು. ನಾನು ನನ್ನ ಮೇಜಿನ ಈ ತುದಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆ ತುದಿಯಲ್ಲಿ ಕಂಪ್ಯೂಟರು ಬತ್ತಲೆಯಾಗಿ ನಿಂತಿದೆ. ಅದರ ನೆತ್ತಿಯ ಮೇಲೆ ಒಂದು ದಾರದ ಎಳೆ ಬಿದ್ದಿದೆ. ಎರಡು ಗಂಟೆಯಿಂದ ನೋಡುತ್ತಿದ್ದೇನೆ, ಎದ್ದುಹೋಗಿ ತೆಗೆದಿಲ್ಲ. ತೆಗೆಯಲು ಹೋದ ಕೈ ಅಲ್ಲಿಗೇ ನಿಲ್ಲುತ್ತದೆಂದು ನಂಬಿಕೆಯಿಲ್ಲ. ಬಾಟಲಿ ಹಸಿರು ಗವಸನ್ನು ಒಂದು ಬದಿಯ ಹೊಲಿಗೆ ಬಿಚ್ಚಿ ನನ್ನ ಮೊಣಕಾಲಿನ ಮೇಲೆ ಹೊದ್ದುಕೊಂಡಿದ್ದೇನೆ. ಈ ಊರಿನ ಬೆಳಗಿನ ಮಂಜಿಗೆ ಅದು ಬಹಳ ಹಿತ. ಒಳಗಿನ ಬಿಸಿ ಹೊರಗೆ ಹೋಗದಂತೆ ಅದು ಎಷ್ಟು ಚೆನ್ನಾಗಿ ಕಾಪಾಡುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಗ್ಯಾರೇಜಿನ ಬಾಗಿಲು ಏರುವ ಸದ್ದಾಯಿತು. ಉಸ್ತಾದರ ಭಯಕ್ಕೆ ಕೈ ತಾನಾಗಿ ಗವಸಿನ ಅಂಚಿಗೆ ಹೋಯಿತು. ಮಾಲೀಕಳು ಕಾಲಿಡುವ ಮೊದಲು ತೆಗೆದು, ಮಡಚಿ, ಇಟ್ಟಿರಬೇಕು. ಏಳಲು ಹೋದೆ, ಮೊಣಕಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದೆ. ಅಷ್ಟರಲ್ಲಿ ಸನಾ ಬಾಗಿಲಲ್ಲಿ ನಿಂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಮಾಲೀಕರು ಬಂದಾಗ ಗವಸು ಹಾಕಿದ್ದಲ್ಲೇ ಇತ್ತು.

"ಎರಡು ವಾರದಲ್ಲಿ ಹೇಳ್ತಾರಂತೆ. ಏಡಿ ನೋಡಿ ಎಲ್ಲರೂ ನಕ್ಕರು," ಎಂದು ನಾನು ಕೇಳುವ ಮೊದಲೇ ಹೇಳಿ, ಚೀಲ ಕೆಳಗಿಟ್ಟು, ನನ್ನ ಮಡಿಲ ಕಡೆ ನೋಡಿದಳು. "ನಾನಾ, ಇವತ್ತು ಏನು ಮುಚ್ಚಿದ್ರಿ?"

"ಮೊಣಕಾಲವ್ವ," ಎಂದೆ. "ಕಾದು ಬಿಸಿ ಆಗ್ಯಾವ. ಆದ್ರ ಏನ್ ಮಾಡಿದ್ರೂ ರೀಸ್ಟಾರ್ಟ್ ಆಗವಲ್ವು."